ಸೂಜಿ ಹಾಡಿನ ಮೂರನೆಯ ಚರಣ

ಪಿಟೀಲಣ್ಣನ ಪಿಟೀಲಿನ ಬಿರಡೆ ಸಡಿಲ ಎಂಬುದು ಆ ಊರಿನ ಸಂಗೀತಪ್ರಿಯರಿಗೆಲ್ಲ ಗೊತ್ತಿದ್ದ ವಿಷಯ. ಹಾಡಿನ ನಡುವೆ ಇದ್ದಕ್ಕಿದ್ದಂತೆ ಅವರು ಕಮಾನನ್ನು ಎತ್ತಿ, ಹುಬ್ಬು ಗಂಟಿಕ್ಕಿ, ತಂತಿ ಸುತ್ತಿದ ಮರದ ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ನುಡಿಸುತ್ತಿದ್ದರು. ಪಾಪ, ಕೈ ಒಳ್ಳೆಯದು, ವಾದ್ಯವೇ ಕೈಕೊಡುತ್ತದೆ ಎಂದು ಮುಂದಿನ ಸಾಲಿನವರು ಮರುಗುತ್ತಿದ್ದರು. ಒಮ್ಮೆ ಒಬ್ಬ ಬಡಗಿ ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದಕ್ಕೇ ಬಂದು, ನಾಲ್ಕು ಹೊಸ ಬಿರಡೆ ಕಡೆದುಕೊಡುತ್ತೇನೆ, ನೀವು ಹೂಂ ಅಂದರೆ ಸಾಕು ಎಂದು ಪಟ್ಟು ಹಿಡಿದು ನಿಂತುಬಿಟ್ಟಿದ್ದ. ಅವನಿಗೆ ಸಮಾಧಾನ ಹೇಳಿ ಕಳುಹಿಸುವಷ್ಟರಲ್ಲಿ ಅಣ್ಣನಿಗೆ ಸಾಕುಬೇಕಾಗಿತ್ತು.

ಆ ಬಿರಡೆಗಳಿಗೆ ಏನೂ ಆಗಿರಲಿಲ್ಲ. ಕಲ್ಲಿನ ಹಾಗೆ ಗಟ್ಟಿಯಾಗಿದ್ದವು. ಹಾಡುವ ಅಕ್ಕ ಎಲ್ಲಿ ತಪ್ಪಿದರೋ ಅಲ್ಲಿ ಅಣ್ಣ ಬಿರಡೆ ತಿರುಗಿಸುತ್ತಿದ್ದರು, ಅಷ್ಟೇ. ಕೇಳುವವರ ಕಣ್ಣು ಪಿಟೀಲಿನ ಕಡೆಗೆ ತಿರುಗಿದರೆ ಕಿವಿಯೂ ಅದರ ಹಿಂದೆಯೇ ಹೋಗುತ್ತದೆ. ಅಪಸ್ವರ ತಂತಿಯ ಲೆಕ್ಕಕ್ಕೆ ಬೀಳುತ್ತದೆ, ಅಕ್ಕನ ಕೊರಳು ಉಳಿದುಕೊಳ್ಳುತ್ತದೆ.

ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದ ಆಕೆಗೆ ದೇವರು ಕೊಟ್ಟ ಕೊರಳು ಅಪರೂಪದ್ದು. ನೆನಪು ಮಾತ್ರ ಸೋರುವ ಕೊಡದಂಥದು. ಚರಣದ ಸಾಲುಗಳು ಹಿಂದುಮುಂದಾಗುತ್ತಿದ್ದವು. ಒಮ್ಮೊಮ್ಮೆ ಒಂದು ಹಾಡಿನ ಸಾಲು ಹೇಳದೆ ಕೇಳದೆ ಇನ್ನೊಂದು ಹಾಡಿನೊಳಗೆ ಬಂದು ಕೂರುತ್ತಿತ್ತು. ಅದನ್ನೆಲ್ಲ ಹೊತ್ತುಕೊಂಡು ಸಾಗುವುದೇ ಪಕ್ಕದಲ್ಲಿ ಕೂತವರ ಕೆಲಸ. ಆಕೆ ಒಂದು ಸಾಲು ಮರೆತರೆ, ಅದು ಮೊದಲೇ ಗೊತ್ತು ಮಾಡಿಕೊಂಡಿದ್ದ ಹಾಗೆ ಪಿಟೀಲು ಆ ಸಾಲನ್ನು ತಾನೇ ನುಡಿಸಬೇಕು. ಎರಡು ಪೆಟ್ಟು ಮೊದಲೇ ಎತ್ತಿಕೊಂಡರೆ ಡ್ರಮ್ಮಿನವನು ಆ ಎರಡು ಪೆಟ್ಟನ್ನು ಗುಳುಂ ಮಾಡಬೇಕು. ಶ್ರುತಿ ಇಳಿದರೆ ಪಿಟೀಲು ಮೆಲ್ಲನೆ ಕೆಳಗೆ ಹೋಗಿ ಕೈಹಿಡಿದು ಮೇಲಕ್ಕೆ ತರಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ತಪ್ಪಾದ ಗಳಿಗೆಯಲ್ಲಿ ಹಾಡುವವರ ಮುಖ ನೋಡಬಾರದು. ನೋಡಿದರೆ ಸಭೆಗೆ ಸಾರಿದ ಹಾಗೆಯೇ.

ಡ್ರಮ್ಮಿನವನಿಗೆ ಗಡಿಯಾರ ಎಂಬ ಹೆಸರಿತ್ತು. ತಾಳದಲ್ಲಿ ಆತ ಅಷ್ಟು ಕರಾರುವಾಕ್ಕು. ತಾಲೀಮಿಗೆ ಮಾತ್ರ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಈ ಮೂವರೂ ಇಪ್ಪತ್ತೆರಡು ವರ್ಷದಿಂದ ಜೊತೆಯಲ್ಲಿ ಶಾಲೆ, ಸಭಾಂಗಣ, ಮದುವೆಯ ಮನೆ ಎಂದು ಹಾಡುತ್ತ ನುಡಿಸುತ್ತ ಬಂದಿದ್ದರು. ಬಿರಡೆಯ ಗುಟ್ಟು ಈ ಮೂವರನ್ನು ಬಿಟ್ಟರೆ ಗೊತ್ತಿದ್ದುದು ಅಣ್ಣನ ಹೆಂಡತಿಗೆ ಮಾತ್ರ. ಆಕೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಎಣಿಸುತ್ತಿದ್ದಳು. ಮನೆಗೆ ಬಂದು ಚಪ್ಪಲಿ ಬಿಡುವಾಗ, ಇವತ್ತು ನಿಮ್ಮ ಬಿರಡೆ ನಾಲ್ಕು ಸಲ ಸಡಿಲವಾಯಿತಲ್ಲ, ಪರವಾಗಿಲ್ಲ, ಹೋದ ಸಲ ಏಳಾಗಿತ್ತು ಎನ್ನುತ್ತಿದ್ದಳು.

ಆಕೆ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹನ್ನೊಂದು ದಿನದ ಕಾಯಿಲೆ. ಯಾರಿಗೂ ತೊಂದರೆ ಕೊಡದೆ ಹೋದಳು ಎಂದು ನೋಡಲು ಬಂದವರೆಲ್ಲ ಹೇಳಿದರು. ಅಣ್ಣ ಹೌದೆಂದು ತಲೆಯಾಡಿಸಿದರು. ಸ್ವಲ್ಪ ತೊಂದರೆ ಕೊಟ್ಟು ಇನ್ನೊಂದಷ್ಟು ದಿನ ಇದ್ದಿದ್ದರೆ ಏನಾಗುತ್ತಿತ್ತು ಎಂದು ಅವರ ಮನಸ್ಸಿಗೆ ಬಂದದ್ದನ್ನು ದೇವರ ಮುಂದಲ್ಲದೆ ಬೇರೆ ಯಾರ ಮುಂದೆಯೂ ಆಡಲಿಲ್ಲ.

ಅಂದಿನಿಂದ ಪಿಟೀಲು ಪೆಟ್ಟಿಗೆಯಲ್ಲೇ ಉಳಿಯಿತು. ಅವರ ಜಾಗಕ್ಕೆ ಸಂಗೀತ ಶಾಲೆಯಲ್ಲಿ ಆಗಷ್ಟೇ ಪಾಠ ಮುಗಿಸಿದ ಒಬ್ಬ ಹುಡುಗಿ ಬಂದಳು. ಒಳ್ಳೆಯ ಹುಡುಗಿ, ತಿಳಿದ ಕೈ. ಅಚ್ಚಾದ ಹಾಡಿನ ಪುಸ್ತಕಗಳನ್ನು ಕಂಕುಳಲ್ಲಿಟ್ಟುಕೊಂಡು ತಾಲೀಮಿಗೆ ಬರುತ್ತಿದ್ದಳಂತೆ. ಬದಲಿಯವಳು ಚೆನ್ನಾಗಿ ನುಡಿಸುತ್ತಾಳೆ ಎಂದು ಕೇಳಿದಾಗ ಅಣ್ಣನಿಗೆ ನಿಜವಾಗಿಯೂ ಹಗುರವಾಯಿತು. ಹೊಟ್ಟೆಕಿಚ್ಚು ಪಡುವಷ್ಟು ಶಕ್ತಿಯೂ ಆಗ ಅವರಲ್ಲಿ ಇರಲಿಲ್ಲ ಎನ್ನಬೇಕು.

ಹೀಗಿರುವಾಗ ಒಂದು ದಿನ ಅಕ್ಕ ತಾವಾಗಿ ಮನೆಗೆ ಬಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ ಭಾನುವಾರ ಮಧ್ಯಾಹ್ನ ಹಾಡುವುದಿದೆ, ನೀವು ಬರಬೇಕು ಎಂದರು. ಅಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಬೆರಳಿಗೆ ಏನೂ ಆಗಿಲ್ಲ, ಕೆಟ್ಟಿರುವುದು ಕಿವಿ. ಮನೆಯಲ್ಲಿ ನುಡಿಸಲು ಕೂತರೆ ಕಿವಿ ಪಿಟೀಲಿನ ಮೇಲೆ ನಿಲ್ಲುವುದಿಲ್ಲ. ಒಳಗಿನಿಂದ ಯಾವುದೋ ಸದ್ದು ಬರಲಿ ಎಂದು ಕಾಯುತ್ತಿರುತ್ತದೆ. ಇಂಥ ಕಿವಿ ಇಟ್ಟುಕೊಂಡು ಹಾಡುವವರ ಪಕ್ಕ ಕೂತರೆ ಹಾಡುವವರ ಗತಿಯೇನು?

ಅಕ್ಕ ವಾದಿಸಲಿಲ್ಲ. ಒಂದು ಲೋಟ ನೀರು ಕೇಳಿ ಕುಡಿದರು. ಆಮೇಲೆ, "ಅಣ್ಣಾ, ಆ ಹುಡುಗಿ ತಪ್ಪದ ಹಾಗೆ ನುಡಿಸ್ತಾಳೆ. ಅದೇ ಕಷ್ಟ. ನಾನು ತಪ್ಪಿದ್ರೆ ನಾನೊಬ್ಬಳೇ ತಪ್ಪಿದ ಹಾಗೆ ಕಾಣುತ್ತೆ" ಎಂದರು. ಅಣ್ಣನಿಗೆ ನಾಲ್ಕು ತಿಂಗಳಲ್ಲಿ ಮೊದಲ ಸಲ ನಗು ಬಂತು. ಬರುತ್ತೇನೆ ಎಂದುಬಿಟ್ಟರು. ಆದರೆ ಬದಲಿ ಹುಡುಗಿಯೂ ತನ್ನ ಪಿಟೀಲನ್ನು ತಂದು ಸಭೆಯಲ್ಲಿ ಕೂತಿರಬೇಕು ಎಂದು ಷರತ್ತು ಹಾಕಿದರು.

ಎರಡು ದಿನ ತಾಲೀಮಾಯಿತು. ಅಕ್ಕನ ಮನೆಯ ಹಿಂಭಾಗದ ಕೋಣೆ. ಇಸ್ತ್ರಿ ಮೇಜನ್ನು ಗೋಡೆಗೆ ಒರಗಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಮೊದಲ ದಿನ ಕೈ ತೊದಲಿತು, ಎರಡನೆಯ ದಿನ ಅಷ್ಟಿಷ್ಟು ಹಿಡಿತ ಬಂತು. ಕಷ್ಟದ ಹಾಡುಗಳನ್ನೇ ಆರಿಸಿ ಆರಿಸಿ ನುಡಿಸಿದರು. ಕೊನೆಯದಾಗಿ ಯಾವಾಗಲೂ ಹಾಡುತ್ತಿದ್ದ ಸೂಜಿ ಹಾಡಿನ ಸರದಿ ಬಂದಾಗ ಗಡಿಯಾರ ಕೋಲುಗಳನ್ನು ಚೀಲಕ್ಕೆ ತುರುಕುತ್ತ, ಅದನ್ನು ಅಣ್ಣ ನಿದ್ದೆಯಲ್ಲೂ ನುಡಿಸುತ್ತಾರೆ ಬಿಡಿ ಎಂದ. ಅಕ್ಕ ಏನನ್ನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ನೆನಪಾಗಿ ಒಳಕ್ಕೆ ಓಡಿದರು. ವಾಪಸು ಬರುವ ಹೊತ್ತಿಗೆ ಹಾಲು ಉಳಿದಿತ್ತು, ಮಾತು ಮರೆತುಹೋಗಿತ್ತು.

ಭಾನುವಾರ ಬೆಳಿಗ್ಗೆ ಅಣ್ಣ ಸ್ನಾನ ಮಾಡಿ ದೇವರ ಮುಂದೆ ಕೂತರು. ದಿನವೂ ಕೇಳಿಕೊಳ್ಳುವುದನ್ನು ಕೇಳಿಕೊಂಡ ಮೇಲೆ ಏಳಬೇಕಾಗಿತ್ತು, ಏಳಲಿಲ್ಲ. ಅವರು ಮಾತಿಗೆ ತಪ್ಪುವವರಲ್ಲ. ಆದ್ದರಿಂದಲೇ ಮಾತು ಕೊಡುವುದಕ್ಕೆ ಹೆದರುವವರು. ಆದರೂ ಅಂದು ದೇವರಿಗೆ ಒಂದು ಮಾತು ಕೊಟ್ಟರು. ಇವತ್ತು ನನ್ನ ಕೈಯಿಂದ ಒಂದೇ ಒಂದು ತಪ್ಪು ಸಭೆಗೆ ಕೇಳಿದರೂ ಅದನ್ನು ನಿನ್ನ ಮಾತು ಎಂದುಕೊಳ್ಳುತ್ತೇನೆ. ಆ ಹುಡುಗಿಗೆ ನನ್ನ ಜಾಗ ಬಿಟ್ಟುಕೊಟ್ಟು ಪಿಟೀಲನ್ನು ಅಟ್ಟದ ಮೇಲಿಡುತ್ತೇನೆ. ಹೀಗೆ ಹೇಳಿ ಎದ್ದಾಗ, ಮೊಣಕಾಲು ಹಿಡಿದುಕೊಂಡಿದ್ದರೂ ಮನಸ್ಸಿಗೆ ಒಂದು ಬಗೆಯ ನಿಶ್ಚಿಂತೆ ಬಂದಿತ್ತು. ತೀರ್ಮಾನ ತನ್ನ ಕೈಯಲ್ಲಿಲ್ಲ ಎನ್ನುವ ನಿಶ್ಚಿಂತೆ.

ಗ್ರಂಥಾಲಯದ ಸಭಾಂಗಣಕ್ಕೆ ಮರದ ಮೆಟ್ಟಿಲು ಹತ್ತಿ ಹೋಗಬೇಕು. ಎತ್ತರದ ಕಿಟಕಿಗಳಿಂದ ಮಧ್ಯಾಹ್ನದ ಬಿಸಿಲು ಬಂದು ಕುರ್ಚಿಗಳ ಬೆನ್ನ ಮೇಲೆ ಬಿದ್ದಿತ್ತು. ಸುಮಾರು ನೂರೈವತ್ತು ಜನ ಸೇರಿದ್ದರು; ಹಳೆಯ ಮುಖಗಳೇ ಹೆಚ್ಚು. ಅಣ್ಣ ವೇದಿಕೆ ಹತ್ತಿದಾಗ ಕೆಲವರು ಎದ್ದು ನಿಂತರು. ಬದಲಿ ಹುಡುಗಿ ಎರಡನೆಯ ಸಾಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷೆಗೆ ಬಂದವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಬಾಗಿಲ ಪಕ್ಕದ ಕುರ್ಚಿಯ ಕಡೆಗೆ ಮಾತ್ರ ಅಣ್ಣ ಕಣ್ಣು ಹಾಯಿಸಲಿಲ್ಲ. ಅಲ್ಲಿ ಯಾರೋ ಕೂತಿದ್ದಿರಬೇಕು, ಯಾರೆಂದು ಅವರಿಗೆ ಬೇಕಾಗಿಯೂ ಇರಲಿಲ್ಲ.

ಮೊದಲ ಹಾಡು ಸುಸೂತ್ರವಾಗಿ ಸಾಗಿತು. ಎರಡನೆಯದರಲ್ಲಿ ಅಕ್ಕ ಪಲ್ಲವಿಗೆ ಬರುವಾಗ ಒಂದು ಪೆಟ್ಟು ಮೊದಲೇ ಬಂದರು. ಅಣ್ಣನ ಕಮಾನು ಅವರನ್ನು ಕೇಳದೆಯೇ ಆ ಪೆಟ್ಟನ್ನು ನುಂಗಿಕೊಂಡಿತು. ಅದೇ ಗಳಿಗೆಯಲ್ಲಿ ಹಿಂದಿನಿಂದ ಗಡಿಯಾರನೂ ನುಂಗಿದ. ಮೂವರೂ ಒಟ್ಟಿಗೆ ತಾಳದ ಸಮಕ್ಕೆ ಬಂದು ಇಳಿದಾಗ ಅಣ್ಣನಿಗೆ ಬಹಳ ದಿನದ ಮೇಲೆ ಸ್ವಂತ ಹಾಸಿಗೆಯಲ್ಲಿ ಮಲಗಿದ ಹಾಗಾಯಿತು. ಐದನೆಯ ಹಾಡಿನಲ್ಲಿ ಎರಡನೆಯ ಚರಣವನ್ನು ಆಕೆ ಪೂರ್ತಿ ಮರೆತರು. ಅಣ್ಣ ಆ ಚರಣವನ್ನು ತಾವೇ ನುಡಿಸಿದರು, ಸಾಲದ್ದಕ್ಕೆ ಒಂದೆರಡು ಕುಸುರಿಯನ್ನೂ ಹಾಕಿದರು. ಜನ ಚಪ್ಪಾಳೆ ತಟ್ಟಿದರು. ಏಳನೆಯದರಲ್ಲಿ ಒಂದು ಸ್ವರ ಜಾರಿದಾಗ ಬಿರಡೆ ತಿರುಗಿತು. ಮುಂದಿನ ಸಾಲಿನ ಒಬ್ಬ ಮುದುಕರು ಪಕ್ಕದವರ ಕಿವಿಯಲ್ಲಿ, ಇನ್ನೂ ರಿಪೇರಿ ಮಾಡಿಸಿಲ್ಲವಲ್ಲ ಈ ಮನುಷ್ಯ ಎಂದದ್ದು ವೇದಿಕೆಯ ತನಕ ಕೇಳಿಸಿತು.

ಹೀಗೆ ಕೊನೆಯ ಹಾಡು ಬರುವ ಹೊತ್ತಿಗೆ ಅಣ್ಣ ಬೆಳಗಿನ ಮಾತನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದರು. ಸೂಜಿ ಹಾಡು ಹೊಲಿಯುವ ಹೆಂಗಸೊಬ್ಬಳು ತನ್ನ ಸೂಜಿಯೊಡನೆ ಆಡುವ ಮಾತು. 'ಮೆಲ್ಲನೆ ನಡೆಯೇ ಸೂಜಿಯೇ, ದಾರ ಹಿಂದಿದೆ' ಎಂದು ಪಲ್ಲವಿ. ಮೂರು ಚರಣ. ಮೊದಲೆರಡು ಚರಣಕ್ಕೆ ನಾಲ್ಕು ನಾಲ್ಕು ಸಾಲು, ಮೂರನೆಯದಕ್ಕೆ ಎರಡೇ ಸಾಲು. ಅದಾದ ಮೇಲೆ ಪಿಟೀಲು ಪೂರ್ತಿ ಕಮಾನು ಎಳೆದು ಪಲ್ಲವಿಯನ್ನು ಎತ್ತಿಕೊಡಬೇಕು, ಹಾಡು ಮುಗಿಯಬೇಕು. ಇಪ್ಪತ್ತೆರಡು ವರ್ಷದಿಂದ ಹಾಗೆಯೇ ನಡೆದಿತ್ತು. ಈ ಹಾಡನ್ನು ಅಣ್ಣ ಕಲಿತದ್ದು ಅಕ್ಕನ ಬಾಯಿಂದಲೇ. ಆಕೆ ಹಾಡಿದ್ದೇ ಹಾಡು.

ಮೂರನೆಯ ಚರಣ ಬಂತು. 'ಹಗಲು ಮುಗಿದರೂ ಮುಗಿಯದು ಅಂಚು, ಹರಿದದ್ದೆಲ್ಲ ಹರಿದೇ ಇಲ್ಲ' ಎಂದು ಎರಡು ಸಾಲು ಮುಗಿಯಿತು. ಅಣ್ಣ ಕಣ್ಣು ಮುಚ್ಚಿ, ಸೊಂಪಾಗಿ, ಸಭಾಂಗಣದ ಆ ಮೂಲೆಗೂ ಕೇಳುವ ಹಾಗೆ ಪಲ್ಲವಿಯ ಮೊದಲ ಸ್ವರವನ್ನು ಎಳೆದರು.

ಅಕ್ಕ ಪಲ್ಲವಿಗೆ ಬರಲಿಲ್ಲ. ಆಕೆಯ ದನಿ ಕೆಳಗಿಳಿದು, ವೇದಿಕೆಯ ಮೇಲೆ ಅಣ್ಣ ಎಂದೂ ಕೇಳದ ಜಾಗಕ್ಕೆ ಹೋಗಿತ್ತು. ಗಡಿಯಾರನ ಡ್ರಮ್ಮೂ ಏನೂ ಆಗದ ಹಾಗೆ ಆಕೆಯ ಹಿಂದೆಯೇ ಹೋಗಿತ್ತು. ಮೇಲೆ ಪಿಟೀಲು, ಕೆಳಗೆ ಹಾಡು. ಎರಡೂ ಒಂದಕ್ಕೊಂದು ಡಿಕ್ಕಿ ಹೊಡೆದವು. ಬಾಗಿಲಿಗೆ ಬೆರಳು ಸಿಕ್ಕಿದಾಗ ಆಗುವಂಥ ಸದ್ದು. ಸಭೆಯಲ್ಲಿ ಕೂತವರಿಗೆಲ್ಲ ಅದು ಕೇಳಿತು. ಇದಕ್ಕೆ ಬಿರಡೆಯ ನೆಪ ಸಾಲದು ಎಂದು ಅಣ್ಣನಿಗೆ ಗೊತ್ತಾಯಿತು. ಕಮಾನನ್ನು ಎತ್ತಿ ಸುಮ್ಮನೆ ಹಿಡಿದುಕೊಂಡರು. ಸರಿ, ಹೇಳಿಬಿಟ್ಟೆಯಲ್ಲ ಎಂದು ಮನಸ್ಸಿನಲ್ಲೇ ದೇವರಿಗೆ ಹೇಳಿಕೊಂಡರು.

ಅಷ್ಟರಲ್ಲಿ ಅಕ್ಕ ಹಾಡುವುದನ್ನು ನಿಲ್ಲಿಸಿ, ಗಂಟಲಿನ ಮೇಲೆ ಕೈಯಿಟ್ಟು ಒಂದು ಸಣ್ಣ ಕೆಮ್ಮು ಕೆಮ್ಮಿದರು. ಬೇಕೆಂದೇ ಕೆಮ್ಮಿದ ಕೆಮ್ಮು; ಪಕ್ಕದಲ್ಲಿದ್ದ ಅಣ್ಣನಿಗೆ ಅದು ತಿಳಿಯಿತು. ಸಭೆಯ ಕಡೆಗೆ ನಗುತ್ತ, "ನನ್ನ ಗಂಟಲು ಎಲ್ಲಿಗೋ ಹೋಗಿಬಿಡ್ತು, ಕ್ಷಮಿಸಬೇಕು. ಈ ಸಾಲು ಇನ್ನೊಂದು ಸಲ ಹಾಡ್ತೀನಿ" ಎಂದರು. ಗಡಿಯಾರ ತಾಳ ಬಿಡದೆ, ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಕಾಯುತ್ತಿದ್ದ. ಸಭೆಯವರು, ಪಾಪ ಆಕೆಗೂ ವಯಸ್ಸಾಯಿತು ಎನ್ನುವ ಹಾಗೆ ಕುರ್ಚಿಗಳಲ್ಲಿ ಸರಿದು ಕೂತರು. ಅಕ್ಕ ಅಣ್ಣನ ಮುಖ ನೋಡಲಿಲ್ಲ. ನೋಡದೆಯೇ ಹಾಡಿದರು:

ಬಿಚ್ಚಿದ ಹೊಲಿಗೆಯ ಗುರುತೂ ಚೆಂದ,
ತೊಟ್ಟವಗದು ತಿಳಿದರೆ ಸಾಕು.

ಅಣ್ಣ ಕಮಾನು ಎತ್ತಿಕೊಂಡೇ ಕೇಳಿದರು. ಈ ಸಾಲು ಅವರಿಗೆ ಗೊತ್ತಿತ್ತು. ಎಲ್ಲಿ ಕೇಳಿದ್ದು? ಯಾವ ವೇದಿಕೆಯಲ್ಲೂ ಅಲ್ಲ, ರೇಡಿಯೋದಲ್ಲಿ ಅಲ್ಲ. ನೀರು ಬೀಳುವ ಸದ್ದಿನ ಜೊತೆಗೆ ಕೇಳಿದ್ದು. ಪಾತ್ರೆಯ ಸದ್ದಿನ ಜೊತೆಗೆ. ಆಗ ಗೊತ್ತಾಯಿತು.

ಅವರ ಹೆಂಡತಿ ಪಾತ್ರೆ ತೊಳೆಯುವಾಗ ಸೂಜಿ ಹಾಡನ್ನು ಹಾಡಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಅವಳ ಸೋದರತ್ತೆ ಕಲಿಸಿದ್ದಂತೆ. ಮೂರನೆಯ ಚರಣಕ್ಕೆ ಬಂದಾಗ ಎರಡು ಸಾಲು ಹೆಚ್ಚಿಗೆ ಹಾಡುತ್ತಿದ್ದಳು. ಆ ಸಾಲೇ ಇಲ್ಲ ಕಣೇ ಎಂದು ಅಣ್ಣ ನಡುಮನೆಯಿಂದಲೇ ಕೂಗುತ್ತಿದ್ದರು. ಇಲ್ಲದೆ ಇದ್ದರೆ ನನ್ನ ಬಾಯಿಗೆ ಎಲ್ಲಿಂದ ಬಂತು ಎಂದು ಅವಳು ನಲ್ಲಿಯ ಸದ್ದಿನ ಮೇಲೆ ಕೂಗಿ ಹೇಳುತ್ತಿದ್ದಳು. ಇಷ್ಟು ವರ್ಷ ವೇದಿಕೆಯ ಮೇಲೆ ಕೂತು ನುಡಿಸಿದವನು ನಾನೋ ನೀನೋ ಎಂದು ಅವರು ಕೇಳಿದರೆ, ನುಡಿಸಿಕೊಳ್ಳಿ, ನಾನು ನನ್ನ ಪಾತ್ರೆಗೆ ಹಾಡಿಕೊಳ್ಳುತ್ತೇನೆ ಎನ್ನುತ್ತಿದ್ದಳು. ತಿಂಗಳಿಗೊಮ್ಮೆಯಾದರೂ ಈ ಜಗಳ ನಡೆಯದೆ ಇರುತ್ತಿರಲಿಲ್ಲ. ಒಂದು ಸಲವಾದರೂ ಅಣ್ಣ ಸೋತವರಲ್ಲ.

ಅಕ್ಕ ಆ ಎರಡು ಸಾಲನ್ನು ಮತ್ತೊಮ್ಮೆ ಎತ್ತಿಕೊಂಡಾಗ ಅಣ್ಣ ಕಮಾನು ಇಳಿಸಿದರು. ಬೆರಳಿಗೆ ದಾರಿ ಹೇಳಿಕೊಡಬೇಕಾಗಲಿಲ್ಲ. ಕೆಳಗಿನ ಸ್ವರದಿಂದ ಒಂದೊಂದೇ ಮೆಟ್ಟಿಲು ಹತ್ತಿ 'ಗುರುತೂ ಚೆಂದ' ಎನ್ನುವಲ್ಲಿಗೆ ಬಂದು, ಅಲ್ಲಿ ಒಂದು ಉಸಿರಿನಷ್ಟು ನಿಂತರು. ತಾಳದ ಲೆಕ್ಕದಲ್ಲಿ ಅಲ್ಲಿ ನಿಲ್ಲುವಂತಿಲ್ಲ. ಅವರ ಹೆಂಡತಿ ಮಾತ್ರ ಅಲ್ಲಿ ನಿಲ್ಲುತ್ತಿದ್ದಳು, ಏಕೆಂದರೆ ಸರಿಯಾಗಿ ಅಲ್ಲಿಗೆ ಒಂದು ಪಾತ್ರೆ ತೊಳೆದಾಗುತ್ತಿತ್ತು, ಅದನ್ನು ಬೋರಲು ಹಾಕಿ ಇನ್ನೊಂದನ್ನು ಕೈಗೆತ್ತಿಕೊಳ್ಳಬೇಕಾಗಿತ್ತು. ಅಕ್ಕನಿಗೆ ಈ ನಿಲುಗಡೆಯ ಕಾರಣ ಗೊತ್ತಿರಲಿಲ್ಲ. ಆದರೂ ಮೂರನೆಯ ಸಲ ಹಾಡುವಾಗ ಆಕೆಯೂ ಅಲ್ಲಿ ನಿಂತರು. ಗಡಿಯಾರ ಆ ಉಸಿರಿಗೆ ಜಾಗ ಬಿಟ್ಟುಕೊಟ್ಟ. ಆಮೇಲೆ ಮೂವರೂ ಸೇರಿ ಪಲ್ಲವಿಗೆ ಬಂದರು.

ಸಭೆಯವರು ಚಪ್ಪಾಳೆ ತಟ್ಟಿದರು. ಹಾಡು ಈ ಸಲ ಉದ್ದವಾಯಿತಲ್ಲ ಎಂದು ಯಾರೋ ಅಂದರು. ಚೆನ್ನಾಗಿತ್ತಲ್ಲ, ಬಿಡಿ ಎಂದು ಇನ್ಯಾರೋ ಅಂದರು.

ವೇದಿಕೆಯ ಹಿಂದೆ ಹಳೆಯ ಪತ್ರಿಕೆಗಳನ್ನು ಕಟ್ಟಿಟ್ಟ ಕೋಣೆಯೊಂದಿತ್ತು. ಅಣ್ಣ ಅಲ್ಲಿ ಒಂದು ಕಟ್ಟಿನ ಮೇಲೆ ಕೂತು, ಬೆವರು ಒರೆಸಿಕೊಂಡು, ಬದಲಿ ಹುಡುಗಿಯನ್ನು ಕರೆದು, ಇನ್ನು ಮುಂದೆ ನೀನೇ ಬಾರಮ್ಮ ಎಂದರು. ಹುಡುಗಿ ಗಾಬರಿಯಾಗಿ ಅಕ್ಕನ ಮುಖ ನೋಡಿದಳು. ಆಗ ಅಣ್ಣ ಬೆಳಗಿನ ಮಾತಿನ ವಿಷಯವನ್ನು ಮೂವರ ಮುಂದೆಯೂ ಹೇಳಿದರು. ದೇವರಿಗೆ ಕೊಟ್ಟ ಮಾತು, ತಪ್ಪು ನೂರೈವತ್ತು ಜನಕ್ಕೆ ಕೇಳಿದೆ, ಇನ್ನು ಮಾತನಾಡುವುದಕ್ಕೆ ಏನಿದೆ?

ಗಡಿಯಾರನಿಗೆ ಮಾತನಾಡುವುದಕ್ಕೆ ಬೇಕಾದಷ್ಟಿತ್ತು. ಅದು ತಪ್ಪೇ ಅಲ್ಲ ಎಂದು ವಕೀಲನ ಹಾಗೆ ವಾದಕ್ಕೆ ನಿಂತ. ಅಣ್ಣ ನುಡಿಸಿದ್ದು ಎಂದಿನ ಹಾಗೆಯೇ, ಬದಲಾದದ್ದು ಹಾಡು. ಅಣ್ಣ ಬಾರದಿದ್ದ ದಿನಗಳಲ್ಲಿ ಹುಡುಗಿ ಪುಸ್ತಕ ತಂದು, ಮೂರನೆಯ ಚರಣಕ್ಕೂ ನಾಲ್ಕು ಸಾಲಿದೆ, ನೀವು ಎರಡು ಬಿಟ್ಟು ಹಾಡುತ್ತಿದ್ದೀರಿ ಎಂದು ತೋರಿಸಿದ ಮೇಲೆ ಅಕ್ಕ ಸರಿಯಾಗಿ ಹಾಡಲು ಕಲಿತದ್ದು. ಇಪ್ಪತ್ತೆರಡು ವರ್ಷ ತಪ್ಪು ಹಾಡಿ ಅಣ್ಣನ ಪಕ್ಕ ಮೊದಲ ಸಲ ಸರಿ ಹಾಡಿದ್ದಕ್ಕೆ ಈ ಡಿಕ್ಕಿ. ತಪ್ಪು ಯಾರದು?

ಅಣ್ಣ ಒಪ್ಪಲಿಲ್ಲ. ಹಾಡುವವರು ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುವುದೇ ನನ್ನ ಕೆಲಸ, ಹೋಗಲಿಲ್ಲ ಎಂದ ಮೇಲೆ ತಪ್ಪು ನನ್ನದೇ ಎಂದರು.

ಅಕ್ಕ ಇನ್ನೊಂದು ಕಟ್ಟನ್ನು ಎಳೆದುಕೊಂಡು ಎದುರಿಗೆ ಕೂತರು. "ನಿಮಗೆ ಹೇಳಬೇಕು ಅಂದ್ಕೊಂಡೇ ಇದ್ದೆ ಅಣ್ಣಾ. ಹಾಲು ಉಕ್ಕೋ ಗಲಾಟೆಯಲ್ಲಿ ಮರೆತುಹೋಯ್ತು. ನನ್ನ ತಲೆ ನಿಮಗೆ ಗೊತ್ತಲ್ಲ."

"ಗೊತ್ತು ತಾಯಿ. ಅದಲ್ಲ ವಿಷಯ."

"ಇಪ್ಪತ್ತೆರಡು ವರ್ಷ ನನ್ನ ತಪ್ಪು ನೀವು ಹೊತ್ತಿರಿ. ಊರಿನವರ ಬಾಯಲ್ಲಿ ನಿಮ್ಮ ಪಿಟೀಲು ಕೆಟ್ಟದ್ದು ಅನ್ನಿಸಿಕೊಂಡಿರಿ. ಇವತ್ತು ಒಂದೇ ಒಂದು ಸಲ ನಿಮ್ಮದನ್ನ ನಾನು ಹೊತ್ತೆ. ಅದು ನಿಮಗೆ ಭಾರ ಆಯ್ತಾ?"

ಅಣ್ಣ ಬೆವರು ಒರೆಸಿದ ಕರವಸ್ತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಮತ್ತೆ ದೇವರ ಜೊತೆ ಪಂಥ ಕಟ್ಟಿದ್ದಕ್ಕೆ ದೇವರನ್ನೇ ಕೇಳಿಕೊಳ್ಳಿ," ಎಂದರು ಅಕ್ಕ. "ನಮ್ಮನ್ನ ಮಧ್ಯೆ ತರಬೇಡಿ. ಅದು ನಿಮ್ಮಿಬ್ಬರ ವಿಷಯ."

ಗಡಿಯಾರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ. ಹುಡುಗಿಯೂ ನಕ್ಕಳು. ಅಣ್ಣ, ಆ ಹಾಡಿನ ಪುಸ್ತಕ ಒಂದೆರಡು ದಿನಕ್ಕೆ ಕೊಡುತ್ತೀಯಾ ಎಂದು ಹುಡುಗಿಯನ್ನು ಕೇಳಿದರು. ಅವಳು ಸೂಜಿ ಹಾಡಿನ ಪುಟ ತೆಗೆದು ಕೊಡಹೋದಳು. ಆ ಪುಟವಲ್ಲ, ಇಡೀ ಪುಸ್ತಕ ಬೇಕು ಎಂದರು.

ಅಂದು ಸಂಜೆ ದೇವರ ಮುಂದೆ ಕೂತಾಗ ಅಣ್ಣ ಮೊದಲು ಕ್ಷಮೆ ಕೇಳಿದರು. ಕೆಲಸದಾಳಿಗೆ ಹೇಳುವ ಹಾಗೆ ನಿನಗೆ ಹೀಗೆ ಮಾಡು ಹಾಗೆ ಮಾಡು ಎಂದು ಹೇಳಿದ್ದು ನನ್ನ ಅಧಿಕಪ್ರಸಂಗ. ನಾನು ಕೇಳಿದ್ದು ಒಂದು, ನೀನು ಕೊಟ್ಟದ್ದು ಇನ್ನೊಂದು. ನಾಲ್ಕು ತಿಂಗಳಿಂದ ನನ್ನ ಕಿವಿ ಒಳಗಿನ ಸದ್ದಿಗೆ ಕಾಯುತ್ತಿದೆ ಎಂದು ಗೋಳಾಡುತ್ತಿದ್ದೆ. ಅದು ಹಾಗೆ ಕಾಯದೆ ಇದ್ದಿದ್ದರೆ ಇವತ್ತು ಆ ಸಾಲು ನನಗೆ ಸಿಗುತ್ತಿರಲಿಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ ಎಂದು ಬರೆದುಕೊಳ್ಳುವುದಾದರೆ ಬರೆದುಕೋ, ಅದರ ಫಲ ಅನುಭವಿಸುತ್ತೇನೆ. ನುಡಿಸುವುದನ್ನು ಮಾತ್ರ ಬಿಡುವುದಿಲ್ಲ. ಇಷ್ಟು ಹೇಳಿ, ಉತ್ತರಕ್ಕೆ ಕಾಯದೆ ಎದ್ದರು.

ಮರುದಿನ ಬೆಳಿಗ್ಗೆ ಎರಡು ಬೀದಿ ಆಚೆಗಿರುವ ಮಗಳು ಬಂದಾಗ ಅಪ್ಪ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಕೂತಿದ್ದರು. ನಿನ್ನೆ ನಡೆದದ್ದನ್ನೆಲ್ಲ ಕೇಳಿ ಮಗಳು ಕುರ್ಚಿ ಎಳೆದುಕೊಂಡು ಕೂತಳು. ಅಮ್ಮ ಹೇಳುತ್ತಲೇ ಇದ್ದಳಲ್ಲ ಎಂದಳು. ಹೌದು, ಹೇಳುತ್ತಲೇ ಇದ್ದಳು ಎಂದರು ಅಣ್ಣ. ಇನ್ನೂ ಯಾವ ಯಾವ ಹಾಡಿಗೆ ನಮ್ಮಿಬ್ಬರಿಗೂ ಜಗಳವಾಗುತ್ತಿತ್ತು, ನಿನಗೇನಾದರೂ ನೆನಪಿದೆಯೇ?

ಮಗಳಿಗೆ ಎಲ್ಲವೂ ನೆನಪಿತ್ತು. ಆ ಜಗಳಗಳ ಜೊತೆಗೇ ಅವಳು ಬೆಳೆದದ್ದು. ಸೂಜಿ ಹಾಡನ್ನು ಬಿಟ್ಟು ಇನ್ನೂ ಐದು ಹಾಡು ಲೆಕ್ಕಕ್ಕೆ ಸಿಕ್ಕಿದವು. ಒಂದೊಂದನ್ನೇ ಪುಸ್ತಕದಲ್ಲಿ ಹುಡುಕಿದರು. ಮಗಳು ಅಮ್ಮ ಹಾಡುತ್ತಿದ್ದ ಹಾಗೆ ಹಾಡಿ ತೋರಿಸುವುದು, ಅಪ್ಪ ಬೆರಳಿಟ್ಟು ಓದುವುದು. ಮೊದಲನೆಯದರಲ್ಲಿ ಅಮ್ಮನೇ ಸರಿ. ಎರಡನೆಯದರಲ್ಲೂ ಅವಳೇ ಸರಿ. ಮೂರನೆಯದರಲ್ಲೂ ಹಾಗೇ ಆದಾಗ ಅಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ಈ ಮನೆಯಲ್ಲಿ ಸಂಗೀತ ಗೊತ್ತಿದ್ದುದು ಒಬ್ಬರಿಗೇ ಎಂದು ಕಾಣುತ್ತದೆ ಎಂದರು.

ನಾಲ್ಕನೆಯದು ಪುಸ್ತಕದಿಂದಲೂ ಬಗೆಹರಿಯಲಿಲ್ಲ. ಐದನೆಯ ಹಾಡಿನಲ್ಲಿ ಮಾತ್ರ ಅಮ್ಮ ನಿಸ್ಸಂದೇಹವಾಗಿ ತಪ್ಪಿದ್ದಳು. ಮಗುವನ್ನು ಮಲಗಿಸುವ ಹಾಡಿನೊಳಗೆ ಸಾಬೂನಿನ ಜಾಹೀರಾತಿನ ಒಂದು ಸಾಲನ್ನು ಸೇರಿಸಿಕೊಂಡುಬಿಟ್ಟಿದ್ದಳು. "ಅಯ್ಯೋ, ನನ್ನನ್ನ ಇದನ್ನೇ ಹಾಡಿ ಮಲಗಿಸ್ತಿದ್ಲು ಅಪ್ಪ," ಎಂದು ಮಗಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಅಣ್ಣನೂ ನಕ್ಕರು. ನಗುತ್ತಿರುವಾಗಲೇ ಇಬ್ಬರ ಕಣ್ಣಲ್ಲೂ ನೀರು ಬಂತು. ಇಬ್ಬರೂ ಅದನ್ನು ಮರೆಸಿಕೊಳ್ಳಲು ಹೋಗಲಿಲ್ಲ. ಮೂರನ್ನು ಗೆದ್ದವಳು ಒಂದನ್ನು ಸೋತದ್ದು ಅಣ್ಣನಿಗೆ ಯಾಕೋ ಬಹಳ ಇಷ್ಟವಾಯಿತು. ಎದುರಿಗೆ ಇದ್ದಿದ್ದರೆ ಅವಳು ಸೋತೆ ಎನ್ನುತ್ತಿರಲಿಲ್ಲ, ಪುಸ್ತಕದಲ್ಲೇ ತಪ್ಪು ಅಚ್ಚಾಗಿದೆ ಎನ್ನುತ್ತಿದ್ದಳು.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ, ಮುಂದಿನ ತಿಂಗಳು ಶಾಲೆಯ ಅಂಗಳದಲ್ಲಿ ಹಾಡುವುದಿದೆಯಂತಲ್ಲ, ನಾನು ಬರುತ್ತೇನೆ ಎಂದರು. ಬದಲಿ ಹುಡುಗಿಯೂ ಇರಲಿ. ಎರಡು ಪಿಟೀಲಿದ್ದರೆ ನೀವು ಇನ್ನೂ ಧಾರಾಳವಾಗಿ ಮರೆಯಬಹುದು. ಆ ಕಡೆಯಿಂದ ಅಕ್ಕ ನಕ್ಕದ್ದು ಕೇಳಿಸಿತು. ಗುರುವಾರ ತಾಲೀಮು ಇಟ್ಟುಕೊಳ್ಳೋಣ, ಮೂರು ಹಾಡನ್ನು ತಿದ್ದಿಕೊಳ್ಳುವುದಿದೆ ಎಂದರು ಅಣ್ಣ. ಆದರೆ ಮೊದಲು ಎತ್ತಿಕೊಳ್ಳಬೇಕಾದದ್ದು ನಾಲ್ಕನೆಯದನ್ನು. ಅದನ್ನು ನೀವು ಹಾಡುವುದು ಒಂದು ರೀತಿ, ನನ್ನ ಮನೆಯವಳು ಹಾಡುತ್ತಿದ್ದುದು ಒಂದು ರೀತಿ, ಪುಸ್ತಕದಲ್ಲಿರುವುದು ಮೂರನೆಯ ರೀತಿ. ಹುಡುಗಿಗೂ ಫೋನ್ ಮಾಡಿ ಕೇಳಿದೆ, ಅವಳ ಇನ್ನೊಂದು ಪುಸ್ತಕದಲ್ಲಿ ನಾಲ್ಕನೆಯ ರೀತಿ ಇದೆಯಂತೆ. ಸರಿ ಯಾವುದು ಎಂದು ಹೇಳಬಲ್ಲವರು ಯಾರೂ ಉಳಿದಿಲ್ಲ.

"ಹಾಗಾದ್ರೆ ಒಳ್ಳೇದೇ ಆಯ್ತು ಬಿಡಿ ಅಣ್ಣಾ," ಎಂದರು ಅಕ್ಕ. "ಆ ಹಾಡಲ್ಲಿ ನಾವ್ಯಾರೂ ತಪ್ಪೋ ಹಾಗೇ ಇಲ್ಲ."

ಅಣ್ಣ ಫೋನ್ ಇಟ್ಟು, ಪೆಟ್ಟಿಗೆ ತೆರೆದು, ಕಮಾನಿಗೆ ರಾಳ ಉಜ್ಜತೊಡಗಿದರು. ಗುರುವಾರಕ್ಕೆ ಇನ್ನು ಮೂರೇ ದಿನ ಇತ್ತು.